ಅರ್ಜಿ ಹಾಕಿಯಾಗಿದೆ, ಈಗ ಕೆಲಸ ಬದಲಿಸಲೇ?

ನನ್ನ ಬಳಿ ಸಲಹೆ ಕೇಳಲು ಬಂದವರೊಬ್ಬರ ಕಥೆ ಇದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 28, ಊರು ದಾವಣಗೆರೆ ಕಡೆ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಜನವರಿ ಮೊದಲ ವಾರ, ಅರ್ಜಿ ಸ್ವೀಕರಿಸುವ ಎರಡನೇ ಸುತ್ತಿನಲ್ಲಿ, ಅಮೆರಿಕದ ಎರಡು ಬಿಸಿನೆಸ್ ಸ್ಕೂಲುಗಳಿಗೆ ಎಂಬಿಎ ಅರ್ಜಿ ಹಾಕಿದ್ದರು. ಫಲಿತಾಂಶ ಮಾರ್ಚ್ ಕೊನೆಗೆ, ತರಗತಿ ಆಗಸ್ಟ್ ಮಧ್ಯಕ್ಕೆ. ಫೆಬ್ರವರಿ ಎರಡನೇ ವಾರ ಒಂದು ಸ್ಟಾರ್ಟಪ್‌ನಿಂದ ಆಫರ್ ಬಂತು: ಪ್ರಾಡಕ್ಟ್ ಹುದ್ದೆ, 35 ಶೇಕಡಾ ಹೈಕ್, 3 ಲಕ್ಷ ಜಾಯ್ನಿಂಗ್ ಬೋನಸ್.

ಅವರು ಕೇಳಿದ್ದು ಇಷ್ಟೇ: “ಸರ್, ಕೆಲಸ ಬದಲಿಸಿದರೆ ಸ್ಕೂಲಿಗೆ ಹೇಳಬೇಕಾ?”

ಹೇಳಬೇಕು. ಅದರಲ್ಲಿ ಎರಡು ಮಾತಿಲ್ಲ. ಸೀಟು ಕೊಟ್ಟ ಮೇಲೆ ಹಲವು ಸ್ಕೂಲುಗಳು ಹೊರಗಿನ ಏಜೆನ್ಸಿಯಿಂದ ಉದ್ಯೋಗದ ಪರಿಶೀಲನೆ ಮಾಡಿಸುತ್ತವೆ. ಕಂಪನಿಯ ಹೆಸರು, ಹುದ್ದೆ, ಸೇರಿದ ಮತ್ತು ಬಿಟ್ಟ ತಾರೀಖುಗಳು ಅರ್ಜಿಯೊಂದಿಗೆ ತಾಳೆಯಾಗಬೇಕು. ಕೆಲಸ ಬದಲಿಸಿದ್ದು ತಪ್ಪಲ್ಲ, ಮುಚ್ಚಿಟ್ಟದ್ದು ಸೀಟಿಗೇ ಕುತ್ತು. ಆಫರ್‌ಗೆ ಸಹಿ ಹಾಕಿದ ದಿನವೇ ಬರೆಯಬೇಕಿಲ್ಲ. ಹಳೆಯ ಕಂಪನಿ ಬಿಡುವ ದಿನ ಖಚಿತವಾದಾಗ ಐದಾರು ಸಾಲು ಸಾಕು. ಹೊಸ ಹುದ್ದೆ, ಸೇರುವ ದಿನ, ಅರ್ಜಿಯಲ್ಲಿ ಬರೆದ ಗುರಿಗೆ ಅದು ಹೇಗೆ ಹೊಂದುತ್ತದೆ ಎಂಬ ಒಂದು ಸಾಲು, ಜತೆಗೆ ಹೊಸ ರೆಸ್ಯೂಮೆ. ಸಂಬಳದ ಮಾತು ಬೇಡ. ಹೊಸ ಬಾಸ್‌ನಿಂದ ಶಿಫಾರಸು ಪತ್ರವೂ ಬೇಡ. ಹಳೆಯ ಮ್ಯಾನೇಜರ್ ಕೊಟ್ಟದ್ದೇ ನಡೆಯುತ್ತದೆ.

ಆದರೆ ಇವರ ವಿಷಯದಲ್ಲಿ ಹೇಳುವ ಪ್ರಶ್ನೆ ಆಮೇಲಿನದು. ಮೊದಲು ಕ್ಯಾಲೆಂಡರ್ ಹಿಡಿದು ಕೂತೆವು. ಫೆಬ್ರವರಿ 12ಕ್ಕೆ ಪೇಪರ್ ಹಾಕಿದರೆ, ಅಂದರೆ ರಾಜೀನಾಮೆ ಕೊಟ್ಟರೆ, ಈಗಿನ ಕಂಪನಿಯ 90 ದಿನದ ನೋಟಿಸ್ ಮುಗಿಯುವುದು ಮೇ 13ಕ್ಕೆ. ಸೀಟು ಸಿಕ್ಕರೆ ಜುಲೈ 20ರ ಹೊತ್ತಿಗೆ ಕೆಲಸ ಬಿಡಬೇಕು. ಹೊಸ ಕಂಪನಿಯ ನೋಟಿಸ್ 60 ದಿನ. ಅಂದರೆ ಸೇರಿದ ಒಂದೇ ವಾರಕ್ಕೆ ಅಲ್ಲೂ ರಾಜೀನಾಮೆ! ಬೋನಸ್ಸಿನ ಷರತ್ತು ಓದಿಸಿದೆ: ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್. 30 ಶೇಕಡಾ ಸ್ಲ್ಯಾಬ್‌ನಲ್ಲಿ ಸೆಸ್ ಸೇರಿ ತೆರಿಗೆ ಕಳೆದು ಕೈಗೆ ಬರುವುದು 2,06,400 ರೂಪಾಯಿ, ಹಿಂದಿರುಗಿಸಬೇಕಾದ್ದು 3 ಲಕ್ಷ. ಈ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ.

ಇನ್ನೊಂದು ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ. ಈಗಿನ ಕಂಪನಿಯಲ್ಲಿ ಜುಲೈ 6ಕ್ಕೆ ಐದು ವರ್ಷ ತುಂಬುತ್ತದೆ. ಐದು ವರ್ಷ ದುಡಿದು ಬಿಡುವವರಿಗೆ ಕಂಪನಿ ಕೊಡಬೇಕಾದ ಇಡುಗಂಟೇ ಗ್ರಾಚುಯಿಟಿ. ಮೂಲವೇತನ 60,000 ಇದ್ದರೆ ಅದು 60,000 × 15 ÷ 26 × 5, ಸುಮಾರು 1.73 ಲಕ್ಷ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೂ ಸಾಕು ಎಂದು ಮದ್ರಾಸ್ ಹೈಕೋರ್ಟಿನ ತೀರ್ಪೊಂದಿದೆ, ಆದರೆ ಎಲ್ಲ ಎಚ್‌ಆರ್‌ಗಳೂ ಅದಕ್ಕೆ ತಲೆಬಾಗುವುದಿಲ್ಲ. ಮಾರ್ಚ್ ಕೊನೆಗೆ ಸೀಟು ಸಿಕ್ಕು ಏಪ್ರಿಲ್ 15ಕ್ಕೆ ಪೇಪರ್ ಹಾಕಿದರೆ ಬಿಡುವುದು ಜುಲೈ 14ಕ್ಕೆ, ಆಗ ಈ ವಾದವೇ ಬೇಕಿಲ್ಲ.

ಇಷ್ಟಾದ ಮೇಲೂ ಅವರ ಮುಖ ತಿಳಿಯಾಗಲಿಲ್ಲ. ಕೆದಕಿದಾಗ ಹೊರಬಿತ್ತು. ಡಿಸೆಂಬರಿನಲ್ಲಿ ಶಿಫಾರಸು ಪತ್ರ ಬರೆದುಕೊಟ್ಟ ಮ್ಯಾನೇಜರ್, “ಹೇಗೂ ಹೊರಡುವವರು” ಎಂದು ಮುಖ್ಯ ಕೆಲಸವನ್ನೆಲ್ಲ ಬೇರೆಯವರಿಗೆ ಹಂಚಿದ್ದರು. ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನ, ಎದುರಿಗಿತ್ತು. ಸೀಟೂ ಇಲ್ಲ, ಇಲ್ಲಿ ಮರ್ಯಾದೆಯೂ ಇಲ್ಲ ಎಂದಾದರೆ? ಅವರಿಗೆ ಬೇಕಿದ್ದದ್ದು ಹೊಸ ಕೆಲಸಕ್ಕಿಂತ ಹೆಚ್ಚಾಗಿ ಆ ಭಯದಿಂದ ಬಿಡುಗಡೆ.

ಸಲಹೆ ಎರಡು ಕವಲಾಯಿತು. ಸ್ಟಾರ್ಟಪ್‌ನ ಎಚ್‌ಆರ್ ಬಿಟ್ಟು, ಆಯ್ಕೆ ಮಾಡಿದ ಮ್ಯಾನೇಜರ್‌ಗೇ ವಿಷಯ ಹೇಳಿ ಏಪ್ರಿಲ್ 1ರವರೆಗೆ ಸಮಯ ಕೇಳುವುದು ಒಂದು. ಸಹಿ ಹಾಕಿ ಕೊನೆಗೆ ಕೈಕೊಡುವುದು ಬೆಂಗಳೂರಿನಲ್ಲಿ ಮಾಮೂಲು, ಆದರೆ ಪ್ರಾಡಕ್ಟ್ ಮಂದಿಯ ವಲಯ ಸಣ್ಣದು. ಇತ್ತ ಈಗಿನ ಮ್ಯಾನೇಜರ್ ಹತ್ತಿರ ದೂರು ಒಯ್ಯದೆ, “ಜುಲೈವರೆಗಂತೂ ಇರುತ್ತೇನೆ, ಜೂನ್ ರಿಲೀಸ್ ನನಗೆ ಕೊಡಿ” ಎಂದು ಒಂದು ನಿರ್ದಿಷ್ಟ ಕೆಲಸ, ಜೂನ್‌ನಲ್ಲಿ ಬಿಡುಗಡೆಯಾಗುವ ಸಾಫ್ಟ್‌ವೇರ್ ಆವೃತ್ತಿಯ ಹೊಣೆ, ಕೇಳುವುದು ಇನ್ನೊಂದು. ಎರಡೂ ಸ್ಕೂಲುಗಳಲ್ಲಿ ಸೀಟು ತಪ್ಪಿದರೆ ಆಗ ಕೆಲಸ ಬದಲಿಸುವುದು ಒಳ್ಳೆಯದೇ. ಸೆಪ್ಟೆಂಬರಿನ ಮೊದಲ ಸುತ್ತಿಗೆ ಮತ್ತೆ ಅರ್ಜಿ ಹಾಕುವಾಗ ಹೊಸ ಬಾಸ್‌ಗೆ ಇವರ ಪರಿಚಯ ಕೆಲವೇ ವಾರಗಳದ್ದು. ಪತ್ರ ಹಳೆಯವರಿಂದಲೇ ಪಡೆದು, ಏಕೆಂದು ಅರ್ಜಿಯ ಐಚ್ಛಿಕ ಟಿಪ್ಪಣಿಯಲ್ಲಿ ಎರಡು ಸಾಲು ಬರೆಯಬೇಕು.

ಸ್ಟಾರ್ಟಪ್ ಕಾಯಲಿಲ್ಲ. ಜೂನ್ ರಿಲೀಸ್ ಸಿಕ್ಕಿತು. ಮಾರ್ಚ್ ಕೊನೆಗೆ ಒಂದು ಸ್ಕೂಲ್ ಇಲ್ಲ ಎಂದಿತು, ಇನ್ನೊಂದು ವೇಟ್‌ಲಿಸ್ಟಿನಲ್ಲಿಟ್ಟಿತು.

ವೇಟ್‌ಲಿಸ್ಟಿನಲ್ಲಿರುವವರಿಗೆ ನೋಟಿಸ್ ಪೀರಿಯಡ್ಡೇ ದೊಡ್ಡ ಗಂಟು. ಜೂನ್ 10ಕ್ಕೆ ಸೀಟು ಬಂದರೆ 90 ದಿನ ಮುಗಿಯುವುದು ಸೆಪ್ಟೆಂಬರ್ 8ಕ್ಕೆ. ಹಾಗಾಗಿ ನೇಮಕಾತಿ ಪತ್ರ ತೆಗೆಸಿ ನೋಡಿದೆವು: ಬಯ್‌ಔಟ್ ಇದೆ, ಅಂದರೆ ನೋಟಿಸಿನ ಉಳಿದ ದಿನಗಳಿಗೆ ಹಣ ಕಟ್ಟಿ ಬೇಗ ಬಿಡಬಹುದು, ಲೆಕ್ಕ ಮೂಲವೇತನದ ಮೇಲೆ, ಆದರೆ ಕಂಪನಿ ಒಪ್ಪಿದರೆ ಮಾತ್ರ. ಆ ಒಪ್ಪಿಗೆಯನ್ನು ಈಗಲೇ ಇಮೇಲ್‌ನಲ್ಲಿ ಕೇಳಿ, ಜೂನ್ ರಿಲೀಸಿನ ಹೊಣೆ ಸಿಕ್ಕಿದ್ದನ್ನು ಸ್ಕೂಲಿಗೂ ಬರೆಯಿರಿ ಎಂದು ಹೇಳಿ ಕಳುಹಿಸಿದೆ.