ತೂಬಿನ ಕೀಲಿ ಯಾರ ಕೈಯಲ್ಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ, ದೆಹಲಿಯಲ್ಲಿ ನಾನು ಮಾಡಿದ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ವಿದ್ಯುತ್ ಜಾಲದ ಕಂಪ್ಯೂಟರ್‌ಗಳಿಗೆ ಹೊರಗಿನವರು ಕೈ ಹಾಕದಂತೆ ನಿಯಮ ಬರೆಯುವ ಕೆಲಸ ಅದು. ಅದನ್ನು ಓದಿ ಮಂಡ್ಯ, ಮೈಸೂರಿನಿಂದ ಇಷ್ಟೊಂದು ಪತ್ರ ಬಂದಿವೆ. ತುಂಬಾ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ನಾನು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇನೆ. ಅಪ್ಪ ಆಲೆಮನೆ ನಡೆಸುತ್ತಾರೆ. ತಂತ್ರಜ್ಞಾನ ಮತ್ತು ದೇಶದ ಭದ್ರತೆಯ ನೀತಿ ತಜ್ಞೆ ಆಗಬೇಕು ಅಂತ ಮನೆಯಲ್ಲಿ ಹೇಳಿದೆ. ‘ಅದು ಐಎಎಸ್ಸಾ, ಪೊಲೀಸಾ?’ ಅಂತ ಅಪ್ಪ ಕೇಳಿದರು. ನನಗೂ ಸರಿಯಾಗಿ ಹೇಳಲು ಬರಲಿಲ್ಲ. ಈ ಕೆಲಸದಲ್ಲಿ ದಿನಾ ಏನು ಮಾಡುತ್ತಾರೆ? ನಿಮ್ಮ ಮಗಳು ಅಂದುಕೊಂಡು ಹೇಳಿ.
ಓದುಗಿ, ಮಂಡ್ಯ

ಉತ್ತರ: ಮಗಳು ಅಂದಮೇಲೆ ‘ನೀನು’ ಅಂತಲೇ ಮಾತಾಡುತ್ತೇನಮ್ಮ.

ನಮ್ಮಪ್ಪ ನೀರುಗಂಟಿ. ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯನ್ನು ಅವರು ನೋಡಿಕೊಳ್ಳುತ್ತಿದ್ದರು. ತೂಬಿನ ಗೇಟು ತಿರುಗಿಸುವ ಕಬ್ಬಿಣದ ಕೀಲಿ ಸದಾ ಅವರ ಹೆಗಲ ಮೇಲೆ. ಇಲ್ಲಿ ನಾಲ್ಕು ಸುತ್ತು ಜಾಸ್ತಿ ತಿರುಗಿಸಿದರೆ ಯಾರ ಒಟ್ಲು ಮುಳುಗುತ್ತೆ, ಎರಡು ಸುತ್ತು ಕಮ್ಮಿ ಮಾಡಿದರೆ ಕೊನೆ ಬಯಲಿನಲ್ಲಿ ಯಾರ ಗದ್ದೆ ಒಣಗುತ್ತೆ, ಎಲ್ಲ ಅವರಿಗೆ ಬಾಯಿಪಾಠ. ರಾತ್ರಿ ಕದ್ದು ಗೇಟು ಎತ್ತುವವರು ಯಾರು ಅಂತಲೂ ಗೊತ್ತಿತ್ತು.

ಈಗ ಕೃಷ್ಣಾ ಕೊಳ್ಳದ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಗೇಟುಗಳನ್ನು ದೂರದಿಂದಲೇ ಕಂಪ್ಯೂಟರ್ ಮೂಲಕ ನಡೆಸುವ ಸ್ಕಾಡಾ ವ್ಯವಸ್ಥೆ ಬಂದಿದೆ. ವಿದ್ಯುತ್ ಜಾಲದಲ್ಲೂ ಅದೇ. ಅಂದರೆ ಅಪ್ಪನ ಹೆಗಲ ಮೇಲಿದ್ದ ಕೀಲಿ ಈಗ ಒಂದು ಪಾಸ್‌ವರ್ಡ್. ಅದು ಯಾರ ಕೈಯಲ್ಲಿರಬೇಕು? ಕಳುವಾದರೆ ಮೊದಲು ಯಾರಿಗೆ ಗೊತ್ತಾಗುತ್ತೆ? ಎಷ್ಟು ಹೊತ್ತಿನೊಳಗೆ ಯಾರಿಗೆ ಹೇಳಬೇಕು? ಹೇಳದಿದ್ದರೆ ಏನು ಶಿಕ್ಷೆ? ಇದನ್ನೆಲ್ಲ ಯೋಚಿಸಿ, ಬರೆದು, ಸಹಿ ಹಾಕುವವರ ಮುಂದೆ ಇಡುವುದೇ ನೀನು ಹೇಳುವ ಕೆಲಸ. ನಿಮ್ಮಪ್ಪನಿಗೆ ಹೀಗೆ ಹೇಳಿ ನೋಡು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2010ರಲ್ಲಿ ಬಯಲಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಪ್ರೋಗ್ರಾಂ ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಾಂದ್ರ ಮಾಡಲು ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳ ವೇಗ ಏರುಪೇರು ಮಾಡಿ ಕೆಡಿಸಿತು. ಆಪರೇಟರ್ ನೋಡುವ ಪರದೆಯಲ್ಲಿ ಮಾತ್ರ ಎಲ್ಲ ಸರಿ ಇದೆ ಅಂತಲೇ ಕಾಣುತ್ತಿತ್ತು. ನಮ್ಮಲ್ಲಿ 2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಆಡಳಿತ ಜಾಲಕ್ಕೆ ಸೇರಿದ್ದ ಒಂದು ಕಂಪ್ಯೂಟರ್‌ನಲ್ಲಿ ಮಾಲ್‌ವೇರ್, ಅಂದರೆ ಹಾನಿ ಮಾಡಲೆಂದೇ ಬರೆದ ಪ್ರೋಗ್ರಾಂ, ಸಿಕ್ಕಿತು. ಸ್ಥಾವರ ನಡೆಸುವ ವ್ಯವಸ್ಥೆಯನ್ನು ಅದರಿಂದ ಬೇರೆಯಾಗಿಯೇ ಇಟ್ಟಿದ್ದರು, ಹಾಗಾಗಿ ಅಲ್ಲಿಗೆ ತಗುಲಲಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾದಾಗ ದಿನಗಟ್ಟಲೆ ರೋಗಿಗಳ ಚೀಟಿಯನ್ನು ಕೈಯಲ್ಲೇ ಬರೆಯಬೇಕಾಯಿತು.

ದಿನದ ಕೆಲಸ ಏನು ಅಂತ ಕೇಳಿದ್ದೀಯ. ಒಂದೇ ಒಂದು ಸಂಖ್ಯೆ ಹಿಡಿದು ಹೇಳುತ್ತೇನೆ: ಆರು ಗಂಟೆ. ದೇಶದಲ್ಲಿ ಕಂಪ್ಯೂಟರ್ ದಾಳಿಗಳ ಮೇಲೆ ಕಣ್ಣಿಡಲು 2004ರಿಂದ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ ಇದೆ. ಅದು 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ತಿಳಿಸಬೇಕು. ಯಾವಾಗ ಏನು ನಡೆಯಿತು ಅಂತ ಯಂತ್ರಗಳೇ ಬರೆದಿಡುವ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಯುರೋಪಿಯನ್ ಒಕ್ಕೂಟದ ಎನ್‌ಐಎಸ್-2 ನಿಯಮದಲ್ಲಿ ಮೊದಲ ಎಚ್ಚರಿಕೆಗೆ 24 ಗಂಟೆ, ವಿವರಕ್ಕೆ 72 ಗಂಟೆ. ಹಾಗಾದರೆ ಆರು ಸರಿಯೋ, ಇಪ್ಪತ್ನಾಲ್ಕು ಸರಿಯೋ?

ಟೈಮ್ ಕಮ್ಮಿ ಕೊಟ್ಟರೆ ದಾಳಿ ನಿಲ್ಲಿಸಲು ವೈರು ಕೀಳುತ್ತಿರುವ ಹುಡುಗರನ್ನೇ ಎಬ್ಬಿಸಿ ಅರ್ಜಿ ತುಂಬಲು ಕೂರಿಸಬೇಕು. ಏನಾಗಿದೆ ಅಂತ ಆ ಹೊತ್ತಿನಲ್ಲಿ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಜಾಸ್ತಿ ಕೊಟ್ಟರೆ ಅಷ್ಟರಲ್ಲಿ ಅದೇ ದಾಳಿ ಪಕ್ಕದ ಆಸ್ಪತ್ರೆಗೆ, ಬ್ಯಾಂಕಿಗೆ ಹಬ್ಬಿರುತ್ತೆ. ಬೆಂಕಿ ಬಿದ್ದ ಮನೆಯವರು ಕೂಗಿದರೆ ತಾನೇ ಬೀದಿಯವರು ಏಳುವುದು. ನನ್ನ ಅಭಿಪ್ರಾಯದಲ್ಲಿ ಆರು ಗಂಟೆ ತಪ್ಪಲ್ಲ. ಆದರೆ ಆರು ಗಂಟೆಯಲ್ಲಿ ಗೊತ್ತಿದ್ದಷ್ಟು ಹೇಳಿ ಸಾಕು, ಉಳಿದಿದ್ದು ಆಮೇಲೆ ಕೊಡಿ ಅನ್ನುವ ಮಾತು ನಂತರದ ವಿವರಣೆಯಲ್ಲಿ ಬಂತು. ಆ ಒಂದು ಸಾಲು ಮೊದಲ ದಿನವೇ ಇದ್ದಿದ್ದರೆ ಎಷ್ಟು ಜನರ ಗಾಬರಿ ತಪ್ಪುತ್ತಿತ್ತು! ಅಂಥ ಸಾಲು ಯಾವುದು ಅಂತ ಮೊದಲೇ ಗುರುತಿಸುವುದೇ ಈ ಕೆಲಸದ ಜೀವಾಳ.

ನಾನು ಎಡವಿದ್ದನ್ನೂ ಹೇಳಬೇಕು. ಸಬ್‌ಸ್ಟೇಷನ್‌ಗಳಲ್ಲಿ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಅಂತ ನಾವೊಂದು ಶಿಫಾರಸು ಬರೆದಿದ್ದೆವು. ಓದಲು ಚೆನ್ನಾಗಿತ್ತು. ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಪರಿಚಯದವರ ಜೊತೆ ಒಂದು ಸಬ್‌ಸ್ಟೇಷನ್‌ಗೆ ಹೋಗಿದ್ದೆ. ಯಾವ ಊರು ಅನ್ನೋದು ಬೇಡ. ಗೋಡೆಗೆ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿದ್ದರು. ಪ್ರತಿ ತಿಂಗಳ ಹಾಳೆಯ ಮೂಲೆಯಲ್ಲಿ ಆ ತಿಂಗಳ ಪಾಸ್‌ವರ್ಡ್, ಬಾಲ್‌ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ. ಅಲ್ಲಿದ್ದ ಆಪರೇಟರ್ ಒಬ್ಬರೇ ಎರಡು ಪಾಳಿ ಮಾಡುತ್ತಿದ್ದರು. ತಿಂಗಳಿಗೊಂದು ಹೊಸದು ನೆನಪಿಡಿ ಅಂದರೆ ಪಾಪ, ಅವರು ಇನ್ನೇನು ಮಾಡಬೇಕಿತ್ತು?

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಕ್ಯಾಲೆಂಡರ್ ವಿಷಯಕ್ಕೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ‘ಅದೆಲ್ಲ ಸರಿ ಕಣವ್ವ, ರಾತ್ರಿ ಹೊತ್ನಲ್ಲಿ ಅಲ್ಲಿ ಯಾರವ್ರೆ?’ ಅಂತ ಕೇಳಿದರು. ಯಾರೂ ಇರುತ್ತಿರಲಿಲ್ಲ. ನಮ್ಮ ಶಿಫಾರಸಿನ ಅಷ್ಟೂ ಪುಟಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ದೆಹಲಿಗೆ ವಾಪಸ್ ಹೋಗಿ ಅದನ್ನು ಮತ್ತೆ ಬರೆದೆ. ಪಾಸ್‌ವರ್ಡ್‌ಗಿಂತ ಮೊದಲು ರಾತ್ರಿ ಪಾಳಿಗೆ ಜನ ಬೇಕು ಅನ್ನುವುದು ಮೊದಲ ಸಾಲಾಯಿತು.

ಐಎಎಸ್ ಬೇಕಾಗಿಲ್ಲಮ್ಮ. ಸಚಿವಾಲಯಗಳು ಗುತ್ತಿಗೆ ಮೇಲೆ ಕನ್ಸಲ್ಟೆಂಟ್‌ಗಳನ್ನು ತೆಗೆದುಕೊಳ್ಳುತ್ತವೆ. ವಿದ್ಯುತ್, ಬ್ಯಾಂಕು, ಟೆಲಿಕಾಂನಂಥ ತೀರಾ ಮುಖ್ಯ ಜಾಲಗಳ ರಕ್ಷಣೆಗೆ 2014ರಿಂದ ಎನ್‌ಸಿಐಐಪಿಸಿ ಎಂಬ ಬೇರೆ ಸಂಸ್ಥೆ ಇದೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆ, ದೆಹಲಿಯ ಮನೋಹರ್ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆಯಂಥ ಕಡೆ ಸಂಶೋಧನೆ ನಡೆಯುತ್ತೆ. ಕಂಪನಿಗಳಲ್ಲೂ ನೀತಿ ವಿಭಾಗ ಇರುತ್ತೆ. ಆದರೆ ನೇರವಾಗಿ ಇವಕ್ಕೆ ಹೋಗಬೇಡ. ಮೊದಲು ಎರಡು ಮೂರು ವರ್ಷ ಯಾವುದಾದರೂ ಒಂದು ಯಂತ್ರದ ಒಳಗನ್ನು ಕೈಯಾರೆ ನೋಡು. ಮನೆಯವರು ಬೆಂಗಳೂರಿನ ಕಂಪನಿ ಕೆಲಸಕ್ಕೆ ಹೋಗು ಅಂದರೂ ಅದು ಇದಕ್ಕೆ ಅಡ್ಡಿಯಲ್ಲ.

ಇವತ್ತೇ ಶುರು ಮಾಡಬೇಕು ಅಂತಿದ್ದರೆ ನಿಮ್ಮೂರಿನ ಹಾಲಿನ ಡೇರಿಗೆ ಹೋಗು. ಫ್ಯಾಟ್ ಅಳೆಯುವ ಯಂತ್ರ ಕಂಪ್ಯೂಟರ್‌ಗೆ ಸೇರಿರುತ್ತೆ ಅಲ್ವಾ? ಆ ಲೆಕ್ಕ ಎಲ್ಲಿಗೆ ಹೋಗುತ್ತೆ, ಯಾರು ತಿದ್ದಬಹುದು, ಒಂದು ದಿನ ಅದು ಕೆಟ್ಟರೆ ಯಾರ ಬಟವಾಡೆ ನಿಲ್ಲುತ್ತೆ ಅಂತ ಕೇಳಿ ತಿಳಿದುಕೋ. ಆಮೇಲೆ ಡೇರಿ ಕಾರ್ಯದರ್ಶಿ ಓದಿ ಅರ್ಥ ಮಾಡಿಕೊಳ್ಳುವ ಹಾಗೆ ಎರಡೇ ಪುಟ ಬರೆ. ಕನ್ನಡದಲ್ಲೇ ಬರೆ. ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನಾನು ಓದಿ ತಿದ್ದಿ ಕೊಡುತ್ತೇನೆ.

ಪ್ರಶ್ನೆ: ಮಗ ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಮುಗಿಸಿದ್ದಾನೆ. 24 ವರ್ಷ. ಕಂಪ್ಯೂಟರ್ ಓದಿಲ್ಲ. ಇಂಥ ಕೆಲಸಕ್ಕೆ ಅವನೂ ಹೋಗಬಹುದೇ?
ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಹೋಗಬಹುದಮ್ಮ. ಈ ಕ್ಷೇತ್ರದ ಅರ್ಧ ಕೆಲಸ ಕಾನೂನು ಮತ್ತು ಒಪ್ಪಂದಗಳದ್ದು. ಭಾರತ 2016ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ ಸೇರಿತು, 2017ರ ಡಿಸೆಂಬರ್‌ನಲ್ಲಿ ವಾಸೆನಾರ್ ಒಪ್ಪಂದ ಸೇರಿತು. ಕಾರ್ಖಾನೆಗೂ ಬೇಕಾದ, ಯುದ್ಧಕ್ಕೂ ಬಳಸಬಹುದಾದ ವಸ್ತುಗಳು ಯಾರ ಕೈಗೆ ಹೋಗಬೇಕು ಅನ್ನುವ ನಿಯಮಗಳಿವು. ನಮ್ಮಲ್ಲಿ ಅದಕ್ಕೆ ಸ್ಕೋಮೆಟ್ ಅಂತ ಒಂದು ಪಟ್ಟಿ ಇದೆ. ಮೈಸೂರಿನ ಹೆಬ್ಬಾಳ್ ಕೈಗಾರಿಕಾ ಪ್ರದೇಶದಿಂದ ಯಾರಾದರೂ ಆ ಪಟ್ಟಿಯಲ್ಲಿರುವ ಸೂಕ್ಷ್ಮ ಯಂತ್ರವನ್ನೋ ವಿಶೇಷ ಕಾರ್ಬನ್ ಫೈಬರನ್ನೋ ರಫ್ತು ಮಾಡಬೇಕಾದರೆ ಅನುಮತಿ ಬೇಕು. ಈ ಪಟ್ಟಿ ಓದಿ ಅರ್ಥ ಮಾಡಿಕೊಂಡವರು ಕಮ್ಮಿ. ನಿಮ್ಮ ಮಗ ಇದೊಂದನ್ನೇ ಹಿಡಿದರೂ ಸಾಕು.

ಇನ್ನೊಂದು ದಾರಿ ಖಾಸಗಿತನದ ಕಾನೂನು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಭದ್ರತೆಯ ಹೆಸರಿನಲ್ಲಿ ಸರ್ಕಾರ ನಮ್ಮ ಮಾಹಿತಿಯನ್ನು ಎಷ್ಟು ನೋಡಬಹುದು ಅನ್ನುವ ವಾದಕ್ಕೆಲ್ಲ ಈಗ ಅದೇ ತಳಪಾಯ. ಭದ್ರತೆ ಅಂದಕೂಡಲೇ ಎಲ್ಲದಕ್ಕೂ ತಲೆ ಆಡಿಸುವವರು ಈ ಕೆಲಸಕ್ಕೆ ಬೇಡ. ಇದನ್ನು ಮಗನಿಗೆ ಹೇಳಿ.

ತಕ್ಷಣಕ್ಕೆ ಒಂದು ಮಾತು. ಸಂಸತ್ತಿನ ಮಸೂದೆಗಳ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್‌ನಲ್ಲಿ ಒಬ್ಬ ಸಂಸದರ ಜೊತೆ ಮಳೆಗಾಲದ ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಕೆಲಸ ಮಾಡಬಹುದು. ಯಾವ ಪದವಿಯಾದರೂ ನಡೆಯುತ್ತೆ, ಆದರೆ ವಯಸ್ಸು 25 ದಾಟಿರಬಾರದು. ತಡ ಮಾಡಬೇಡಿ. ಅದು ಸಿಗದಿದ್ದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ.

ಪ್ರಶ್ನೆ: ಗಡಿ ಕಾಯಲು ಸೈನ್ಯ ಇದೆ, ಒಳಗೆ ಪೊಲೀಸರಿದ್ದಾರೆ. ನಮ್ಮಂಥ ಊರಿಗೂ ಈ ನೀತಿ ತಜ್ಞರಿಗೂ ಏನು ಸಂಬಂಧ?
ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಮೇಷ್ಟ್ರೇ, ನಿಮ್ಮ ಊರಿನಿಂದಲೇ ಉತ್ತರ ಕೊಡುತ್ತೇನೆ. ಹೈದರ್, ಟಿಪ್ಪು ಕಾಲದಲ್ಲಿ ಮೈಸೂರಿನ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತು. ಹಾಗಾಗಿ ಮದ್ದಿನ ಒತ್ತಡ ಜಾಸ್ತಿ ತಡೆದುಕೊಂಡು ಜಾಸ್ತಿ ದೂರ ಹಾರುತ್ತಿದ್ದವು. 1780ರ ಪೊಳ್ಳಿಲೂರು ಕಾಳಗದಲ್ಲಿ ಬ್ರಿಟಿಷರು ಅದರ ಏಟು ತಿಂದರು. ಆ ಕಾಳಗದ ಚಿತ್ರ ದರಿಯಾ ದೌಲತ್‌ನ ಗೋಡೆ ಮೇಲಿದೆ, ನೀವು ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೀರೋ. 1799ರಲ್ಲಿ ಕೋಟೆ ಬಿತ್ತು. ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ನಗರದ ಮೇಲೆ ಅವನ್ನು ಸುರಿದರು. ಒಂದು ಊರಿನ ಕುಲುಮೆಯಲ್ಲಿ ಹುಟ್ಟಿದ ಅರಿವು ಎಂಟೇ ವರ್ಷದಲ್ಲಿ ಇನ್ನೊಂದು ಖಂಡದ ಊರನ್ನು ಸುಟ್ಟಿತು. ಯಾವ ತಂತ್ರಜ್ಞಾನ ಎಲ್ಲಿಗೆ ಹೋಗುತ್ತೆ, ಹೋದರೆ ಏನಾಗುತ್ತೆ ಅಂತ ಲೆಕ್ಕ ಹಾಕುವವರು ಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಸಿಕ್ಕಿಲ್ಲ.

ಈಗಿನ ಮಾತು ತೆಗೆದುಕೊಳ್ಳಿ. ಮೈಸೂರಿನಲ್ಲಿ ನೋಟು ಮುದ್ರಣಾಲಯ ಇದೆ, ಸೈನಿಕರ ಆಹಾರದ ಸಂಶೋಧನೆ ಮಾಡುವ ಡಿಎಫ್‌ಆರ್‌ಎಲ್ ಇದೆ, ಭಾರಿ ಯಂತ್ರಗಳ ಬೆಮೆಲ್ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಇನ್ನು ಕೆಆರ್‌ಎಸ್. ಮಳೆಗಾಲದಲ್ಲಿ ಮಂಡ್ಯದ ಮನೆಮನೆಯಲ್ಲೂ ಅಣೆಕಟ್ಟೆ ತುಂಬುವ 124.80 ಅಡಿಯ ಲೆಕ್ಕ ನಡೆಯುತ್ತೆ. ಆ ಹೊತ್ತಿನಲ್ಲಿ ಅಣೆಕಟ್ಟೆಯ ಬಗ್ಗೆ ಒಂದು ಸುಳ್ಳು ವಿಡಿಯೋ ಫೋನಿನಿಂದ ಫೋನಿಗೆ ಹರಿದರೆ ನದಿ ದಂಡೆಯ ಊರುಗಳ ಗತಿ ಏನು? ಅದನ್ನು ತಡೆಯುವವರು ಯಾರು, ಎಷ್ಟು ನಿಮಿಷದಲ್ಲಿ, ಯಾವ ಕಾನೂನಿನ ಅಡಿಯಲ್ಲಿ? ಸೈನ್ಯ ಬಂದು ಮಾಡುವ ಕೆಲಸ ಅಲ್ಲ ಮೇಷ್ಟ್ರೇ ಇದು.

ಪ್ರಶ್ನೆ: ಅಮೆರಿಕಕ್ಕೆ ಹೋಗಿ ಓದಿದರೆ ಈ ಕ್ಷೇತ್ರದಲ್ಲಿ ಅಲ್ಲೇ ಕೆಲಸ ಸಿಗುತ್ತಾ?
ವಿದ್ಯಾರ್ಥಿ, ಮೈಸೂರು

ಉತ್ತರ: ಓದು ಚೆನ್ನಾಗಿದೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಗಿದೆ. ಆದರೆ ಅಲ್ಲಿ ಸರ್ಕಾರದೊಳಗಿನ ಭದ್ರತಾ ಕೆಲಸಗಳಿಗೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗುಟ್ಟಿನ ಮಾಹಿತಿ ನೋಡಲು ಸರ್ಕಾರದ ಅನುಮತಿ ಬೇಕು, ಅದಕ್ಕೆ ಅಲ್ಲಿನ ಪೌರತ್ವ ಬೇಕು. 1973ರಿಂದ ನಡೆದಿರುವ, ವಿಜ್ಞಾನಿಗಳನ್ನು ಸರ್ಕಾರದೊಳಗೆ ಕಳಿಸುವ ಅಲ್ಲಿನ ವಿಜ್ಞಾನ ಸಂಘ ಎಎಎಎಸ್‌ನ ಹೆಸರಾಂತ ಫೆಲೋಶಿಪ್ ಕೂಡ ಅಮೆರಿಕದ ಪೌರರಿಗೇ ಮೀಸಲು. ಸಾಲ ಮಾಡುವ ಮೊದಲು ಇದನ್ನು ತಿಳಿದುಕೊಂಡಿರಿ. ಓದಿ ಬಂದು ಇಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಹೋಗಿ ಬನ್ನಿ.

ಪ್ರಶ್ನೆ: ಮದ್ದೂರಿನವನು, ಬೆಂಗಳೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ದಾಳಿಗಳ ಮೇಲೆ ಕಣ್ಣಿಡುವ ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್‌ನಲ್ಲಿ ಐದು ವರ್ಷದಿಂದ ನೈಟ್ ಶಿಫ್ಟ್. ನೀತಿ ಕೆಲಸಕ್ಕೆ ಬದಲಾಗಬೇಕು ಅಂತಿದೆ. ಸಂಬಳ ಇಳಿಯುತ್ತಾ? ನನ್ನಂಥವನ ಮಾತು ಅಲ್ಲಿ ಯಾರು ಕೇಳುತ್ತಾರೆ?
ಓದುಗ

ಉತ್ತರ: ಸಂಬಳ ಇಳಿಯುತ್ತದೆ. ಮೊದಲ ಎರಡು ಮೂರು ವರ್ಷ ಜಾಸ್ತಿಯೇ ಇಳಿಯಬಹುದು. ಮನೆ ಸಾಲ, ತಂಗಿ ಮದುವೆ ಅಂತ ಏನಾದರೂ ಇದ್ದರೆ ಅದನ್ನು ಮುಗಿಸಿಕೊಳ್ಳಿ. ಅಲ್ಲಿವರೆಗೆ ತಕ್ಷಶಿಲಾದಂಥ ಕಡೆ ಆನ್‌ಲೈನ್ ಕೋರ್ಸ್ ಇದೆ, ಕೆಲಸ ಮಾಡುತ್ತಲೇ ಮುಗಿಸಬಹುದು.

ಆದರೆ ಎರಡನೇ ಪ್ರಶ್ನೆ ಓದಿ ನನಗೆ ಬೇಜಾರಾಯಿತು. ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದಾಗ ಯಾರ ಫೋನ್ ಸ್ವಿಚ್ ಆಫ್ ಇರುತ್ತೆ, ಯಾವ ಲಾಗ್ ನಿಜಕ್ಕೂ ಉಪಯೋಗಕ್ಕೆ ಬರುತ್ತೆ, ಆರು ಗಂಟೆ ಹೇಗೆ ಕರಗಿ ಹೋಗುತ್ತೆ ಅಂತ ಗೊತ್ತಿರುವವರು ನೀವು. ನಿಯಮ ಬರೆಯುವ ಕೋಣೆಯಲ್ಲಿ ಅಂಥವರು ಬೇಕೇ ಬೇಕು. ನಾನು ಇದ್ದ ಸಭೆಗಳಲ್ಲಂತೂ ಅಂಥವರು ಇರಲೇ ಇಲ್ಲ.

ಕೆಲಸ ಬಿಡದೆಯೂ ಮಾತಾಡಬಹುದು. ಕೇಂದ್ರ ಸರ್ಕಾರ ಕರಡು ನಿಯಮಗಳನ್ನು ಜನರ ಅಭಿಪ್ರಾಯಕ್ಕೆ ಬಿಡುತ್ತೆ. ವೈಯಕ್ತಿಕ ಡೇಟಾ ರಕ್ಷಣೆಯ ಕರಡು ನಿಯಮಗಳು 2025ರ ಜನವರಿ 3ರಂದು ಹಾಗೆ ಬಂದವು, ನವೆಂಬರ್‌ನಲ್ಲಿ ಅಂತಿಮವಾದವು. ಕರಡು ಬಂದ ಮೇಲೆ ಕೆಲವು ವಾರ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದಿತ್ತು. ಮುಂದಿನ ಸಲ ಅಂಥ ಕರಡು ಬಂದಾಗ ಶಿಫ್ಟ್ ಮುಗಿಸಿ ಒಂದು ನಿದ್ದೆ ಮಾಡಿ, ಎದ್ದು ಕೂತು ಬರೆಯಿರಿ. ಕಂಪನಿಯ ಗುಟ್ಟು ಏನೂ ಬೇಡ. ಯಾವ ನಿಯಮ, ಅದರ ಯಾವ ಸಾಲು, ರಾತ್ರಿ ಪಾಳಿಯಲ್ಲಿ ಅದು ಯಾಕೆ ನಡೆಯಲ್ಲ, ಬದಲಿಗೆ ಏನಿರಬೇಕು, ಇಷ್ಟು ಸಾಕು.