ಕಲಿಸಿದವರಿಗೂ ನಾಲ್ಕು ಪುಟ ಬೇಕು, ಮೇಷ್ಟ್ರೇ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಮಾಯಾ ರಾವ್ ಅವರನ್ನು ನೆನೆದು ನಾಲ್ಕು ಪುಟ ಬರೆದಿದ್ದೀರಿ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಎಷ್ಟೆಂದರೂ ಅವರು ಡ್ಯಾನ್ಸ್ ಟೀಚರ್. ವೇದಿಕೆ ಮೇಲೆ ಕುಣಿದು ಹೆಸರು ಮಾಡಿದವರು ನಾಡಿನಲ್ಲಿ ಎಷ್ಟೋ ಜನ ಇರುವಾಗ ಕಲಿಸಿದವರಿಗೆ ಇಷ್ಟು ಜಾಗ ಯಾಕೆ? ಅದೂ ಅವರು ಕಲಿಸಿದ್ದು ಉತ್ತರದ ಕಥಕ್, ಓದಿದ್ದು ರಷ್ಯಾದಲ್ಲಿ, ಮಾಡಿಸಿದ್ದು ಬ್ಯಾಲೆ. ನಮ್ಮ ನೆಲದ ಕಲೆಗೆ ಆ ಪುಟಗಳನ್ನು ಕೊಡಬಹುದಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕಲಿಸುವುದು ಕರ್ತವ್ಯ, ಅದಕ್ಕೆ ಸಂಬಳ ಬರುತ್ತದೆ. ಸ್ಮರಣೆ ಯಾಕೆ ಬೇಕು?

– ಒಬ್ಬ ಹಳೆಯ ಓದುಗ, ತುಮಕೂರು

ಸಂಪಾದಕರ ಉತ್ತರ

ಮೇಷ್ಟ್ರೇ, ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಬೇಜಾರಾಯಿತು. ಅಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ನೀವು. ನಿಮ್ಮ ಕೈಯಲ್ಲಿ ಕಲಿತವರು ಈಗ ಎಂಜಿನಿಯರುಗಳಾಗಿರಬಹುದು, ಅಂಗಡಿ ನಡೆಸುತ್ತಿರಬಹುದು. ಕಲಿಸಿದವರನ್ನು ನೆನೆಯುವುದು ಬೇಡ ಅಂತ ನೀವೇ ಹೇಳಿದರೆ ನಾವೆಲ್ಲ ಯಾರ ಹತ್ತಿರ ಹೋಗೋಣ?

ವೇದಿಕೆ ಮೇಲೆ ನಿಂತು ಬೆವರು ಸುರಿಸುವವರಿಗೆ ಮೊದಲ ಚಪ್ಪಾಳೆ ಸಲ್ಲಬೇಕು ಎನ್ನುವ ನಿಮ್ಮ ಮಾತು ಸರಿ. ನಮ್ಮಲ್ಲಿ ಪುಟಗಳು ಕಡಿಮೆ ಎನ್ನುವುದೂ ನಿಜ. ಆದರೆ ಕುಣಿದವರ ಫೋಟೋ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ. ಕಲಿಸಿದವರ ಹೆಸರು ಆಹ್ವಾನ ಪತ್ರಿಕೆಯ ಕೆಳಗಿನ ಸಾಲಿನಲ್ಲಿ ಬಂದು ಅಲ್ಲೇ ಮುಗಿಯುತ್ತದೆ. ಬಹಳ ದಿನದಿಂದ ನನ್ನನ್ನು ಕೊರೆಯುತ್ತಿರುವ ವಿಷಯ ಇದು. ಅದಕ್ಕೇ ನಿಮ್ಮ ಪತ್ರ ಆರಿಸಿಕೊಂಡೆ.

ಮೊದಲು ಮಾಯಾ ರಾವ್. ಅವರು 1928ರಲ್ಲಿ ನಮ್ಮ ಬೆಂಗಳೂರಿನ ಮಲ್ಲೇಶ್ವರದಲ್ಲಿ ಹುಟ್ಟಿದವರು. ಜೈಪುರ ಘರಾನೆಯ (ಗುರು ಪರಂಪರೆಯ) ಸೋಹನ್ ಲಾಲ್ ಅವರ ಹತ್ತಿರ ಕಲಿಯಲು ಹೋದಾಗ ಅವರಿಗೆ ಹನ್ನೆರಡು ವರ್ಷ. ಕಥಕ್ ಶುರು ಮಾಡಲು ವಯಸ್ಸು ಜಾಸ್ತಿಯಾಯಿತು ಎನ್ನುವ ಮಾತು ಬಂತು. ಹುಡುಗಿ ಬಿಡಲಿಲ್ಲ. ಮುಂದೆ ಮನೆಯ ಪರಿಸ್ಥಿತಿ ಬಿಗಡಾಯಿಸಿದಾಗ, ಇನ್ನೂ ಚಿಕ್ಕ ವಯಸ್ಸಿನಲ್ಲೇ ನೃತ್ಯ ಕಲಿಸಿ ಸಂಸಾರಕ್ಕೆ ಆಧಾರವಾದರು. ಆ ಕಾಲದ ಬೆಂಗಳೂರಿನಲ್ಲಿ ಮರ್ಯಾದಸ್ಥರ ಮನೆಯ ಹುಡುಗಿ ಕುಣಿಯುವುದೇ ದೊಡ್ಡ ಸುದ್ದಿ. ಕುಣಿತ ಕಲಿಸಿ ದುಡ್ಡು ತರುವುದು ಇನ್ನೂ ದೊಡ್ಡ ಸುದ್ದಿ. ನಂತರ ದೆಹಲಿಗೆ ಹೋಗಿ ಲಖನೌ ಘರಾನೆಯ ಶಂಭು ಮಹಾರಾಜರ ಶಿಷ್ಯೆಯಾದರು. 1960ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಮಾಸ್ಕೋದಲ್ಲಿ ಕೊರಿಯೋಗ್ರಫಿ, ಅಂದರೆ ನೃತ್ಯ ಸಂಯೋಜನೆ ಓದಿದರು.

ನೀವು ಆಕ್ಷೇಪ ಎತ್ತಿರುವುದು ಇಲ್ಲೇ. ರಷ್ಯಾದವರು ಬ್ಯಾಲೆಯನ್ನು ಹೇಗೆ ಉಳಿಸಿಕೊಂಡರು ಅಂತ ಸ್ವಲ್ಪ ನೋಡೋಣ ಬನ್ನಿ. ಕ್ರಾಂತಿಯಾದ ಮೇಲೆ ಅಲ್ಲಿ ಊಟಕ್ಕೂ ಸೌದೆಗೂ ಪರದಾಟವಿತ್ತು. ಬ್ಯಾಲೆ ಅಂದರೆ ಚಕ್ರವರ್ತಿಯ ಆಸ್ಥಾನದ ಶೋಕಿ, ಮುಚ್ಚಿಬಿಡಿ ಎನ್ನುವವರೂ ಇದ್ದರು. ಅಂಥ ಹೊತ್ತಿನಲ್ಲಿ ಅಗ್ರಿಪ್ಪಿನಾ ವಗಾನೊವಾ ಎನ್ನುವ ಹೆಣ್ಣುಮಗಳು ಕಲಿಸಲು ನಿಂತಳು. ವೇದಿಕೆಯಲ್ಲಿ ಆಕೆಗೆ ಬ್ಯಾಲೆರಿನಾ (ಪ್ರಧಾನ ನರ್ತಕಿ) ಪಟ್ಟ ಸಿಕ್ಕಿದ್ದು 1915ರಲ್ಲಿ, ನಿವೃತ್ತಿಗೆ ಒಂದೇ ವರ್ಷ ಮುಂಚೆ. ನಿಮ್ಮ ಲೆಕ್ಕದಲ್ಲಿ ಆಕೆಗೆ ಅರ್ಧ ಪುಟವೂ ಸಿಗುತ್ತಿರಲಿಲ್ಲ. ಆದರೆ ಗಲೀನಾ ಉಲನೊವಾ, ಮರೀನಾ ಸೆಮ್ಯೊನೊವಾ ಅಂಥ ಹೆಸರಾಂತ ನರ್ತಕಿಯರು ತಯಾರಾದದ್ದು ಆಕೆಯ ತರಗತಿಯಲ್ಲಿ. ಕಲಿಸುವ ಕ್ರಮವನ್ನು ಆಕೆ ಪುಸ್ತಕ ಮಾಡಿ 1934ರಲ್ಲಿ ಪ್ರಕಟಿಸಿದಳು. ಇವತ್ತಿಗೂ ಬೇರೆ ಬೇರೆ ದೇಶಗಳ ಮಕ್ಕಳು ಅದೇ ಕ್ರಮದಲ್ಲಿ ಕಾಲೆತ್ತುತ್ತಾರೆ. 1957ರಲ್ಲಿ ಲೆನಿನ್‌ಗ್ರಾಡ್‌ನ ಬ್ಯಾಲೆ ಶಾಲೆಗೆ ಆಕೆಯ ಹೆಸರನ್ನೇ ಇಟ್ಟರು. ಜಗತ್ತಿನ ಅತಿ ದೊಡ್ಡ ಬ್ಯಾಲೆ ಶಾಲೆಗಳಲ್ಲಿ ಒಂದು ಅದು, ಇರುವುದು ಒಬ್ಬ ಟೀಚರ್ ಹೆಸರಿನಲ್ಲಿ.

ಅದೇ ಶಾಲೆಯಲ್ಲಿ ಅಲೆಕ್ಸಾಂಡರ್ ಪುಷ್ಕಿನ್ ಎನ್ನುವ ಮೇಷ್ಟ್ರು ಇದ್ದರು. 1955ರಲ್ಲಿ ರುಡಾಲ್ಫ್ ನುರೆಯೆವ್ ಎನ್ನುವ ಹುಡುಗ ದೂರದ ಊರಿನಿಂದ ಅಲ್ಲಿಗೆ ಬಂದಾಗ ಅವನಿಗೆ ಹದಿನೇಳು ವರ್ಷ. ಬ್ಯಾಲೆಗೆ ಅದು ತೀರಾ ತಡ. ಮಲ್ಲೇಶ್ವರದ ಹುಡುಗಿಗೆ ಹೇಳಿದ ಮಾತೇ ಇಲ್ಲೂ. ಹುಡುಗ ಒರಟ, ಯಾರ ಮಾತೂ ಕೇಳುವವನಲ್ಲ. ಪುಷ್ಕಿನ್ ಅವನನ್ನು ತಮ್ಮ ತರಗತಿಗೆ ಸೇರಿಸಿಕೊಂಡರು. ಮುಂದೆ ಗಂಡ ಹೆಂಡತಿ ಇಬ್ಬರೂ ಸೇರಿ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಆಮೇಲೆ ಬರಿಶ್ನಿಕೊವ್‌ಗೆ ಕಲಿಸಿದ್ದೂ ಇವರೇ. ಈ ಇಬ್ಬರು ಶಿಷ್ಯರನ್ನು ಜಗತ್ತೇ ಬಲ್ಲದು. ಪುಷ್ಕಿನ್ ಅಂದರೆ ಎಲ್ಲರೂ ಅದೇ ಹೆಸರಿನ ರಷ್ಯಾದ ಕವಿಯನ್ನು ನೆನೆಯುತ್ತಾರೆ.

ಮಾಯಾ ರಾವ್ ರಷ್ಯಾದಿಂದ ಬ್ಯಾಲೆ ಬೂಟು ತರಲಿಲ್ಲ, ಮೇಷ್ಟ್ರೇ. ಅಲ್ಲಿನ ಕುಣಿತವನ್ನು ಇಲ್ಲಿ ನಕಲು ಮಾಡಿಸಲೂ ಇಲ್ಲ. ಅವರು ತಂದದ್ದು ಕೊರಿಯೋಗ್ರಫಿಯನ್ನು ಒಂದು ವಿದ್ಯೆಯಾಗಿ ಕಲಿಸಬಹುದು ಎನ್ನುವ ತಿಳಿವಳಿಕೆ. ನಮ್ಮಲ್ಲಿ ಗುರು ಒಂದು ಐಟಂ ಹೇಳಿಕೊಡುತ್ತಾರೆ, ಶಿಷ್ಯೆ ಅದನ್ನೇ ಮಾಡುತ್ತಾಳೆ. ಇಪ್ಪತ್ತು ಜನರನ್ನು ವೇದಿಕೆ ಮೇಲೆ ಎಲ್ಲಿ ನಿಲ್ಲಿಸಬೇಕು, ಮುಂದಿನ ಸಾಲು ಬಾಗಿದಾಗ ಹಿಂದಿನ ಸಾಲು ಏನು ಮಾಡಬೇಕು, ಖಾಲಿ ಜಾಗವನ್ನು ಯಾವಾಗ ಖಾಲಿಯಾಗೇ ಬಿಡಬೇಕು, ಇದನ್ನೆಲ್ಲ ಪಾಠ ಮಾಡಿ, ಅಭ್ಯಾಸ ಕೊಟ್ಟು, ತಿದ್ದುವ ಪದ್ಧತಿ ಇರಲಿಲ್ಲ. ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬೆಂಬಲದಿಂದ 1964ರಲ್ಲಿ ದೆಹಲಿಯಲ್ಲಿ ಅದಕ್ಕೊಂದು ಶಾಲೆ ಶುರುವಾಯಿತು. ಕಮಲಾದೇವಿಯವರೂ ನಮ್ಮ ಮಂಗಳೂರಿನವರೇ. 1987ರಲ್ಲಿ, ರಾಮಕೃಷ್ಣ ಹೆಗಡೆಯವರು ಕರೆದ ಮೇಲೆ, ಮಾಯಾ ರಾವ್ ಶಾಲೆ ಸಮೇತ ಬೆಂಗಳೂರಿಗೆ ಬಂದರು. ಬೇರೆಯವರು ನಿವೃತ್ತಿ ಯೋಚನೆ ಮಾಡುವ ವಯಸ್ಸಿನಲ್ಲಿ ಇವರು ಹುಟ್ಟಿದ ಊರಿನಲ್ಲಿ ಹೊಸದಾಗಿ ತರಗತಿ ತೆರೆದರು. ‘ಹೊಯ್ಸಳ ವೈಭವ’ ಎನ್ನುವ ನೃತ್ಯರೂಪಕ ಕಟ್ಟಿದ್ದು ಅವರೇ. ನಿರುಪಮಾ ಮತ್ತು ರಾಜೇಂದ್ರ ಅವರ ಕಥಕ್ ನೋಡಿದ್ದೀರಲ್ವಾ? ಅವರೂ ಇವರ ಶಿಷ್ಯರು. 2014ರಲ್ಲಿ ತೀರಿಕೊಳ್ಳುವವರೆಗೂ ಮಾಯಾದೀದಿ ಟೀಚರ್ ಆಗೇ ಇದ್ದರು.

ಒಂದು ಸಲ ಯಾವುದಾದರೂ ಕಥಕ್ ತರಗತಿಯಲ್ಲಿ ಸುಮ್ನೆ ಒಂದು ಗಂಟೆ ಕೂತು ನೋಡಿ. ಮಕ್ಕಳು ಗೆಜ್ಜೆಯ ಹಗ್ಗವನ್ನು ಕಣಕಾಲಿನಿಂದ ಮೇಲಕ್ಕೆ ಸುತ್ತಿ ಸುತ್ತಿ ಬಿಗಿಯುತ್ತಾರೆ. ಟೀಚರ್ ತಾಳ ಹಾಕುತ್ತಾ ಬಾಯಲ್ಲೇ ‘ತಾ ಥೈ ಥೈ ತತ್, ಆ ಥೈ ಥೈ ತತ್’ ಅನ್ನುತ್ತಿರುತ್ತಾರೆ. ಮೊದಲು ನಿಧಾನ, ಆಮೇಲೆ ಎರಡರಷ್ಟು, ಆಮೇಲೆ ನಾಲ್ಕರಷ್ಟು. ತಾಳದ ಹದಿನಾರು ಮಾತ್ರೆ (ಎಣಿಕೆ) ಸುತ್ತಿ ಎಲ್ಲರೂ ಮೊದಲ ಮಾತ್ರೆಯಾದ ಸಮ್‌ಗೆ ಒಟ್ಟಿಗೆ ಬಂದು ಬೀಳಬೇಕು. ಗಣಿತದ ಮೇಷ್ಟ್ರಾದ ನಿಮಗೆ ಇದು ನನಗಿಂತ ಬೇಗ ಹಿಡಿಸುತ್ತದೆ. ಚಕ್ಕರ್ ಹೊಡೆಯುವಾಗ ಎಡಗಾಲಿನ ಹಿಮ್ಮಡಿ ಮೇಲೆ ತಿರುಗುತ್ತಾರೆ. ಮೈ ತಿರುಗಿದರೂ ಕಣ್ಣು ಎದುರಿನ ಒಂದು ಬಿಂದುವಿನಲ್ಲೇ ನಿಂತಿರುತ್ತದೆ, ತಲೆ ಕೊನೆಗೆ ತಟ್ಟನೆ ತಿರುಗಿ ಮತ್ತೆ ಅದೇ ಬಿಂದುವಿಗೆ ಬರುತ್ತದೆ. ಬ್ಯಾಲೆಯವರು ತಿರುಗುವುದು ಮುಂಗಾಲಿನ ಮೇಲೆ, ಆದರೆ ಕಣ್ಣಿನ ಅಭ್ಯಾಸ ಮಾತ್ರ ಇದೇ. ಇದನ್ನು ಯಾವ ಮಗುವೂ ನೋಡಿ ಕಲಿಯುವುದಿಲ್ಲ. ಪಕ್ಕದಲ್ಲಿ ನಿಂತು ‘ಕಣ್ಣು ಬಿಡಬೇಡ, ಕಣ್ಣು ಬಿಡಬೇಡ’ ಅಂತ ಸಾವಿರ ಸಲ ಹೇಳುವವರು ಬೇಕು.

ಇನ್ನು ನಮ್ಮ ನೆಲದ ಕಲೆ ಎನ್ನುವ ಮಾತು. ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ನಾಲ್ವಡಿಯವರ ಆಶ್ರಯದಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಕುಂದಗೋಳದ ಹುಡುಗನಿಗೆ ಸಂಗೀತ ಹೇಳಿಕೊಟ್ಟರು. ಅವನೇ ಸವಾಯಿ ಗಂಧರ್ವ. ಸವಾಯಿ ಗಂಧರ್ವರು ಗಂಗೂಬಾಯಿಯವರಿಗೆ, ಭೀಮಸೇನ ಜೋಶಿಯವರಿಗೆ ಕಲಿಸಿದರು. ಹಿಂದೂಸ್ತಾನಿ ಸಂಗೀತ ಧಾರವಾಡದ್ದು ಅಂತ ನಾವೆಲ್ಲ ಎದೆ ತಟ್ಟಿ ಹೇಳುತ್ತೇವೆ. ಹಾಗಾದರೆ ಕಥಕ್ ಮಲ್ಲೇಶ್ವರದ್ದು ಯಾಕಾಗಬಾರದು? ಯಾರೋ ಒಬ್ಬರು ಒಂದು ಊರಿನಲ್ಲಿ ನಿಂತು, ಆ ಊರಿನ ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದರೆ ಆ ಕಲೆ ಆ ಊರಿನದೇ.

ಭೀಮಸೇನರು ಗುರುವನ್ನು ಹೇಗೆ ನೆನೆದರು ಗೊತ್ತಲ್ಲ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನಲ್ಲಿ ಸಂಗೀತೋತ್ಸವ ಶುರುವಾಯಿತು. ಅದನ್ನು ಬೆಳೆಸಿ ನಿಲ್ಲಿಸಿದವರು ಭೀಮಸೇನರು. ಭಾರತ ರತ್ನ ಪಡೆದವರು ಗುರುವಿನ ಹೆಸರಿಗಾಗಿ ಅಷ್ಟು ದುಡಿದರು. ನಮ್ಮ ನೃತ್ಯದಲ್ಲಿ ಅಂಥದ್ದು ಎಷ್ಟಿದೆ, ಹೇಳಿ.

ನಮ್ಮ ನೆಲದ ಕಲೆಗೆ ಪುಟ ಕೊಡಿ ಅಂದಿರಿ. ಸಂತೋಷವಾಗಿ ಕೊಡುತ್ತೇನೆ. ಭರತನಾಟ್ಯದ ಕೆ. ವೆಂಕಟಲಕ್ಷಮ್ಮನವರಿಂದ ಶುರು ಮಾಡೋಣ. 1906ರಲ್ಲಿ ಕಡೂರು ಸೀಮೆಯ ತಾಂಡಾದಲ್ಲಿ, ಲಂಬಾಣಿ ಕುಟುಂಬದಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಹತ್ತಿರ ಕಲಿತರು. ತಾಯಮ್ಮ ಕುಸ್ತಿ ಜಟ್ಟಿಗಳ ಮನೆಯ ಮಗಳು. ಒಬ್ಬರು ತಾಂಡಾದವರು, ಒಬ್ಬರು ಗರಡಿ ಮನೆಯವರು. ಅರಮನೆಯ ಅಭಿನಯ ಪರಂಪರೆ ಉಳಿದದ್ದು ಇವರಿಬ್ಬರ ಕೈಯಲ್ಲಿ, ಸಂಸ್ಕೃತ ಕವಿ ಅಮರುಕನ ಶ್ಲೋಕ, ಪದ, ಜಾವಳಿ ಎನ್ನುವ ಶೃಂಗಾರದ ಹಾಡುಗಳ ಸಮೇತ. ವೆಂಕಟಲಕ್ಷಮ್ಮ ಆಸ್ಥಾನ ವಿದುಷಿಯಾದರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ನೃತ್ಯ ವಿಭಾಗ ತೆರೆದಾಗ ಅಲ್ಲಿ ರೀಡರ್ ಆದರು. ಪದ್ಮಭೂಷಣ ಬಂದದ್ದು 1992ರಲ್ಲಿ, ಎಂಬತ್ತು ದಾಟಿ ಎಷ್ಟೋ ವರ್ಷವಾದ ಮೇಲೆ. ತಾಯಮ್ಮನವರ ಹೆಸರು ಇಲ್ಲದೆ ವೆಂಕಟಲಕ್ಷಮ್ಮನವರ ಬಗ್ಗೆ ಒಂದು ಸಾಲೂ ಬರೆಯಲಾಗದು. ಅವರೂ ಕಲಿಸಿದವರೇ ಅಲ್ವಾ ಮೇಷ್ಟ್ರೇ?

ಪ್ರಶಸ್ತಿ ಬಂದವರ ಮಾತಾಯಿತು. ಬರದವರ ಕಥೆಯೇ ನನಗೆ ಜಾಸ್ತಿ ನೋವು ಕೊಡುವುದು. ನಮ್ಮೂರಿನಲ್ಲಿ ಛತ್ರದ ಮಾಳಿಗೆ ಮೇಲೆ ಒಬ್ಬ ಟೀಚರ್ ಭರತನಾಟ್ಯ ಕಲಿಸುತ್ತಿದ್ದರು. ತಂಗಿಯನ್ನು ಕರೆತರಲು ಹೋದವನು ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಮಣೆ ಮೇಲೆ ಕೋಲಿನಿಂದ ಟಕ್ ಟಕ್ ಅಂತ ತಾಳ. ಮಂಡಿ ಬಗ್ಗಿಸಿ ಅರಮಂಡಿಯಲ್ಲಿ ನಿಂತ ಹುಡುಗಿಯರ ಮಂಡಿ ನಡುಗುತ್ತಿದ್ದರೆ ‘ಇನ್ನೂ ಕೂತ್ಕೊಳ್ರೇ, ಬೆನ್ನು ನೆಟ್ಟಗೆ’ ಅನ್ನುವರು. ಕೋಲು ಮಾತ್ರ ನಿಲ್ಲುತ್ತಿರಲಿಲ್ಲ. ಫೀಸು ಕೊಡಲಾಗದ ಮಕ್ಕಳಿಗೆ ‘ಕ್ಲಾಸು ತಪ್ಪಿಸಬೇಡ, ಅಷ್ಟೇ’ ಎಂದು ಹೇಳಿ ಕಳಿಸುವರು. ಹೆಜ್ಜೆಗೆ ಹೇಳುವ ಜತಿಗಳನ್ನೂ ಪದಗಳ ಅರ್ಥವನ್ನೂ ಅವರು ಕೈಬರಹದಲ್ಲಿ ಬರೆದಿಟ್ಟ ರೂಲು ಪುಸ್ತಕಗಳು ಒಂದು ಟ್ರಂಕಿನಲ್ಲಿ ತುಂಬಿದ್ದವು. ಅವರು ಹೋದ ಮೇಲೆ ಮನೆ ಖಾಲಿ ಮಾಡುವಾಗ ಆ ಪುಸ್ತಕಗಳು ಹಳೇ ಪೇಪರ್ ಅಂಗಡಿಗೆ ಹೋದವು. ಮನೆಯವರನ್ನು ಬೈದು ಪ್ರಯೋಜನವಿಲ್ಲ. ಇದು ಬೆಲೆಬಾಳುವ ವಸ್ತು ಎಂದು ಅವರಿಗೆ ಊರಿನಲ್ಲಿ ಯಾರೂ ಹೇಳಿರಲಿಲ್ಲ.

ಇದನ್ನು ನೆನೆದಾಗಲೆಲ್ಲ ನನಗೆ ನಿಕೊಲಾಯ್ ಸೆರ್ಗೆಯೆವ್ ನೆನಪಾಗುತ್ತಾರೆ. ಸೇಂಟ್ ಪೀಟರ್ಸ್‌ಬರ್ಗ್‌ನ ರಂಗಮಂದಿರದಲ್ಲಿ ತಾಲೀಮು ನೋಡಿಕೊಳ್ಳುತ್ತಿದ್ದವರು. ಅಲ್ಲಿ ಹೆಜ್ಜೆಗಳನ್ನು ಸ್ವರಲಿಪಿಯ ಹಾಗೆ ಬರೆದಿಡುವ ಕ್ರಮ ಇತ್ತು. ಕ್ರಾಂತಿಯ ನಂತರ ದೇಶ ಬಿಡುವಾಗ ಅವರು ಆ ಕಾಗದಗಳನ್ನು ಜೊತೆಗೆ ಒಯ್ದರು. ಆಮೇಲೆ ಲಂಡನ್ನಿನಲ್ಲಿ ಚೈಕಾವ್ಸ್ಕಿ ಸಂಗೀತದ ಹಳೆಯ ಬ್ಯಾಲೆಗಳನ್ನು ರಂಗಕ್ಕೆ ತಂದದ್ದು ಅದೇ ಕಾಗದಗಳ ಆಧಾರದಲ್ಲಿ. ಈಗ ಅವು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭದ್ರವಾಗಿವೆ.

ನಮ್ಮಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗೆ ಪ್ರತಿ ವರ್ಷ ಮಕ್ಕಳು ಕೂರುತ್ತಾರೆ. ಪಾಸಾದ ಹುಡುಗಿಯ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸುತ್ತಾರೆ. ಆ ಮಗುವನ್ನು ಸಿದ್ಧ ಮಾಡಿದ ಟೀಚರ್ ಬಾಡಿಗೆ ಹಾಲಿನಿಂದ ಇನ್ನೊಂದು ಬಾಡಿಗೆ ಹಾಲಿಗೆ ಅಲೆಯುತ್ತಿರುತ್ತಾರೆ, ಗೆಜ್ಜೆ ಸದ್ದು ಜಾಸ್ತಿ ಅಂತ ಓನರ್ ಬಿಡಿಸಿರುತ್ತಾರೆ. ಪಿಂಚಣಿ ಇಲ್ಲ, ರಜೆ ಇಲ್ಲ. ಮಂಡಿ ಸವೆದ ಮೇಲೂ ಕಲಿಸುತ್ತಾರೆ. ನೀವು ಬರೆದ ಹಾಗೆ ತಿಂಗಳ ಸಂಬಳ ಬರುವ ಕೆಲಸ ಅಲ್ಲ ಇದು. ಊರಿಗೊಂದು ಸಭಾಭವನ ಕಟ್ಟುತ್ತೇವೆ, ಹಣ ಕೊಟ್ಟವರ ಹೆಸರು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಆ ವೇದಿಕೆ ಮೇಲೆ ನಿಲ್ಲಲು ಮಕ್ಕಳಿಗೆ ಕಲಿಸಿದವರ ಹೆಸರು ಒಂದು ಗೋಡೆಯ ಮೇಲೂ ಇರುವುದಿಲ್ಲ.

ಆದ್ದರಿಂದ ನಾಲ್ಕು ಪುಟಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಬದಲಿಗೆ ನಿಮಗೊಂದು ಕೆಲಸ ಹೇಳುತ್ತೇನೆ. ಮುಂದಿನ ಸಂಚಿಕೆಯಿಂದ ಊರೂರಿನ ನೃತ್ಯ ಗುರುಗಳಿಗೆ ಎರಡು ಪುಟ ಮೀಸಲಿಡುತ್ತಿದ್ದೇವೆ. ನೀವು ಕಲಿಸಿದ ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ನೃತ್ಯ ಕಲಿಸಿದವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಹುಡುಕಿ. ಯಾರ ಹತ್ತಿರ ಕಲಿತರು, ತರಗತಿ ಎಲ್ಲಿ ನಡೆಯುತ್ತಿತ್ತು, ಯಾವ ಯಾವ ಪದ, ಜತಿ ಹೇಳಿಕೊಟ್ಟರು, ಅವರ ಪುಸ್ತಕಗಳು ಈಗ ಎಲ್ಲಿವೆ, ಇಷ್ಟನ್ನು ಕೇಳಿ ಬರೆದು ಕಳಿಸಿ. ಅವರು ಒಪ್ಪಿದರೆ ಪುಸ್ತಕದ ಪುಟಗಳ ಫೋಟೋ ತೆಗೆಸಿ, ಖರ್ಚು ಪತ್ರಿಕೆಯದು. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ನಮ್ಮ ಕೈಸೇರಿದರೆ ಮೊದಲ ಬರಹ ನಿಮ್ಮದೇ.

– ಸಂಪಾದಕ