ಬಳ್ಳಾರಿಯ ಹಳೇ ಪ್ರೊಟೆಸ್ಟೆಂಟ್ ಸಭೆ (ಚರ್ಚು) ಪ್ರೆಸ್ಬಿಟೇರಿಯನ್ ಪಂಥದವರದೇ? ಅದು ಹೇಗೆ ಶುರುವಾಯಿತು?

ಶುರುವಿನಲ್ಲಿ ಅಲ್ಲ. ಆಮೇಲೆ ಆ ಪರಂಪರೆ ಬಂದು ಸೇರಿಕೊಂಡಿತು.

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಊರಲ್ಲಿ ದಂಡು ನೆಲೆಸಿತು. 1810ರಲ್ಲಿ ಲಂಡನ್ ಮಿಷನ್ ಎಂಬ ಕ್ರೈಸ್ತ ಪ್ರಚಾರ ಸಂಸ್ಥೆಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಅವರು ಸುಮ್ನೆ ಬೋಧನೆ ಮಾಡುತ್ತಾ ಕೂರಲಿಲ್ಲ. ಮೊದಲು ಕನ್ನಡ ಕಲಿತರು, ಶಾಲೆ ತೆರೆದರು, ಬೈಬಲ್ ಅನುವಾದಕ್ಕೆ ಕೈಹಾಕಿದರು. ವಿಲಿಯಂ ರೀವ್ ಜೊತೆಯಾದರು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಇಪ್ಪತ್ತು ವರ್ಷದ ದುಡಿಮೆ ಅಲ್ವಾ! ರೀವ್ ಕನ್ನಡ ನಿಘಂಟನ್ನೂ ಮಾಡಿದರು. ನನಗಂತೂ ಈ ಸಭೆಯ ಕತೆಯಲ್ಲಿ ಜಾಸ್ತಿ ಹೆಮ್ಮೆ ತರುವುದು ಇದೇ. ವಾರ್ಡ್‌ಲಾ ಶಾಲೆಯೂ ಇದೇ ಮಿಷನ್ನಿನ ಕೊಡುಗೆ.

ಲಂಡನ್ ಮಿಷನ್ನಿನವರು ಹೆಚ್ಚಾಗಿ ಕಾಂಗ್ರಿಗೇಷನಲ್ ಪಂಥದವರು. ಅಲ್ಲಿ ಒಂದೊಂದು ಸಭೆಯೂ ತನ್ನ ವಿಷಯ ತಾನೇ ತೀರ್ಮಾನಿಸುತ್ತದೆ. ಪ್ರೆಸ್ಬಿಟೇರಿಯನ್ನರಲ್ಲಿ ಆಯ್ಕೆಯಾದ ಹಿರಿಯರು ಸಭೆ ನಡೆಸುತ್ತಾರೆ, ಹಲವು ಸಭೆಗಳ ಮೇಲೊಂದು ಮಂಡಳಿ ಇರುತ್ತದೆ. 1908ರಲ್ಲಿ ಈ ಎರಡೂ ಕಡೆಯವರು ಸೇರಿ ದಕ್ಷಿಣ ಭಾರತ ಐಕ್ಯ ಸಭೆ ಕಟ್ಟಿದರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟರೂ ಕೂಡಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ಆಂಗ್ಲಿಕನ್ನರಲ್ಲಿ ಬಿಷಪ್ಪರಿರುತ್ತಾರೆ, ಆದ್ದರಿಂದ ಸಿ.ಎಸ್.ಐ.ಯಲ್ಲೂ ಬಿಷಪ್ಪರಿದ್ದಾರೆ. ಪಾದ್ರಿಗಳನ್ನು ಇವತ್ತಿಗೂ 'ಪ್ರೆಸ್ಬಿಟರ್' ಅನ್ನುತ್ತಾರೆ. ಗ್ರೀಕಿನಿಂದ ಬಂದ ಆ ಮಾತಿಗೆ ಅರ್ಥ 'ಹಿರಿಯ' ಅಂತಲೇ.